ಮರ ಹತ್ತುವವನ ಕಾಲಿಗೆ ಬರೀ 12 ಪರ್ಸೆಂಟಾ? ಲೋಕ್ ಅದಾಲತ್‌ನಲ್ಲಿ ಸಹಿ ಹಾಕಬೇಕಾ?

ತಿಪಟೂರ್ ತಂಗಿ · 2025 ಫೆಬ್ರವರಿ 9

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಬೇಜಾರು ಮಾಡಿಕೊಳ್ಳದೆ ಓದಿ.

ನಮ್ಮದು ತಿಪಟೂರು ತಾಲ್ಲೂಕಿನ ಹಳ್ಳಿ. ನಮ್ಮಣ್ಣನಿಗೆ 38 ವರ್ಷ. ತೆಂಗಿನಮರ ಹತ್ತಿ ಕಾಯಿ ಕೀಳುವುದೇ ಅವನ ಕೆಲಸ. ಮುಕ್ಕಾಲು ಎಕರೆ ಜಮೀನಿದೆ, ಅದರಲ್ಲಿ ಬರುವುದು ಅಷ್ಟಕ್ಕಷ್ಟೇ. ಹೋದ ವರ್ಷ ಮೇ ತಿಂಗಳಲ್ಲಿ ಬೆಳಗ್ಗೆ ಆರು ಗಂಟೆಗೆ ಎಕ್ಸೆಲ್ ಗಾಡಿಯಲ್ಲಿ ತೋಟಕ್ಕೆ ಹೊರಟಿದ್ದ. ಹಿಂದಿನಿಂದ ಬಂದ ಗೂಡ್ಸ್ ಗಾಡಿ ಗುದ್ದಿತು. ಬಲಗಾಲು ಮೊಣಕಾಲಿನ ಕೆಳಗೆ ಎರಡು ಕಡೆ ಮುರಿಯಿತು. ಒಳಗೆ ರಾಡ್ ಹಾಕಿದ್ದಾರೆ. ಪಾದದ ಗಿಣ್ಣು ಸರಿಯಾಗಿ ಮಡಚುವುದಿಲ್ಲ. ಕುಂಟುತ್ತಾ ನಡೆಯುತ್ತಾನೆ. ಮರ ಮಾತ್ರ ಹತ್ತಲಾರ.

ಅಕ್ಟೋಬರ್‌ನಲ್ಲಿ ಕ್ಲೇಮ್ ಕೇಸ್ ಹಾಕಿದೆವು. ಈಗ ಇನ್ಶೂರೆನ್ಸ್ ಕಂಪನಿಯವರು ಮುಂದಿನ ತಿಂಗಳ ಲೋಕ್ ಅದಾಲತ್‌ನಲ್ಲಿ ಮೂರು ಲಕ್ಷಕ್ಕೆ ಮುಗಿಸೋಣ ಅನ್ನುತ್ತಿದ್ದಾರೆ. ಆಸ್ಪತ್ರೆ ಬಿಲ್ಲೇ 1,86,000 ಆಗಿದೆ!

ಅವರು ತೆಗೆದಿರುವ ತಕರಾರು ಒಂದೆರಡಲ್ಲ. ಕ್ಯಾಶುವಾಲ್ಟಿ ಚೀಟಿಯಲ್ಲಿ ‘ಬೈಕಿನಿಂದ ಬಿದ್ದು ಪೆಟ್ಟು’ ಅಂತ ಬರೆದಿದೆಯಂತೆ. ಅಣ್ಣನನ್ನು ಆಟೋಗೆ ಹಾಕಿಕೊಂಡು ಹೋದ ಪುಣ್ಯಾತ್ಮರು ಅಪಘಾತ ಕಣ್ಣಾರೆ ನೋಡಿರಲಿಲ್ಲ, ಡಾಕ್ಟರ್ ಕೇಳಿದಾಗ ತೋಚಿದ್ದು ಹೇಳಿದ್ದಾರೆ. ಎಫ್‌ಐಆರ್ ಆಗಿದ್ದು ನಾಲ್ಕು ದಿನ ತಡ. ಗೂಡ್ಸ್ ಗಾಡಿ ಡ್ರೈವರ್ ಹತ್ತಿರ ಕಾರಿನ ಲೈಸೆನ್ಸ್ ಮಾತ್ರ ಇತ್ತು. ಅಣ್ಣ ಹೆಲ್ಮೆಟ್ ಹಾಕಿರಲಿಲ್ಲ. ಕೊನೆಗೆ ಡಾಕ್ಟರ್ ಸರ್ಟಿಫಿಕೇಟು: ಕಾಲಿಗೆ 36 ಪರ್ಸೆಂಟ್ ಊನ, ಪೂರ್ತಿ ದೇಹಕ್ಕೆ ಲೆಕ್ಕ ಹಾಕಿದರೆ 12 ಪರ್ಸೆಂಟ್.

ನಮ್ಮ ವಕೀಲರು ‘ಬಂದಷ್ಟು ಬರಲಿ, ತಗೊಳ್ಳಿ’ ಅನ್ನುತ್ತಾರೆ. ಅತ್ತಿಗೆಗೆ ಮನಸ್ಸಿಲ್ಲ. ನನಗೂ ಇಲ್ಲ. ಆದರೆ ಕೇಸ್ ಬಿದ್ದುಹೋದರೆ ಏನು ಗತಿ ಅಂತ ಭಯ.

ರಿಂಗ್ ರೋಡ್ ರಾಜ · ಅದೇ ದಿನ

ತಂಗಿ, ಮೂರು ಲಕ್ಷ ಕೈಗೆ ಬರುತ್ತಿದ್ದರೆ ತಗೊಂಡುಬಿಡಿ. ನನ್ನ ಭುಜದ ಕೇಸು ಬೆಂಗಳೂರಿನಲ್ಲಿ ನಾಲ್ಕು ವರ್ಷ ಎಳೆಯಿತು. ಪ್ರತಿ ಡೇಟಿಗೂ ರಜೆ ಹಾಕಿ ಹೋದೆ. ಒಂದು ದಿನ ಅವರ ವಕೀಲರಿಲ್ಲ, ಇನ್ನೊಂದು ದಿನ ಡಾಕ್ಟರ್ ಬರಲಿಲ್ಲ. ಆಮೇಲೆ ಬಂದ ಹಣದಲ್ಲಿ ಅರ್ಧ ಸಾಲಕ್ಕೇ ಹೋಯಿತು.

ಕರಿಕೋಟು · ಅದೇ ದಿನ

ರಾಜ ಅವರ ಅನುಭವ ಸುಳ್ಳಲ್ಲ. ಆದರೂ ಸಹಿ ಹಾಕುವ ಮೊದಲು ಇದನ್ನು ಓದಿ. ನಾನು ಹಾಸನ ಕಡೆ ಇಪ್ಪತ್ತು ವರ್ಷದಿಂದ ಅಪಘಾತದ ಕೇಸುಗಳನ್ನೇ ನಡೆಸುತ್ತಿದ್ದೇನೆ, ಎರಡೂ ಕಡೆಯಿಂದ.

ಮೊದಲು ಲೋಕ್ ಅದಾಲತ್. ಅಲ್ಲಿ ಒಪ್ಪಲೇಬೇಕು ಅಂತ ಇಲ್ಲ. ಒಪ್ಪದಿದ್ದರೆ ಕೇಸು ಇದ್ದಲ್ಲಿಗೇ ವಾಪಸ್ ಬರುತ್ತದೆ, ನಿಮಗೇನೂ ನಷ್ಟವಿಲ್ಲ. ಆದರೆ ಒಮ್ಮೆ ಸಹಿ ಹಾಕಿದರೆ ಅದು ಕೋರ್ಟಿನ ಡಿಕ್ರಿ ಇದ್ದ ಹಾಗೆ. ಮೇಲ್ಮನವಿ ಇಲ್ಲ.

ಇನ್ನು 12 ಪರ್ಸೆಂಟಿನ ಕಥೆ. ನಮ್ಮ ಕಡೆ ಒಂದು ರೂಢಿ ಇದೆ. ಕೈಗೋ ಕಾಲಿಗೋ ಡಾಕ್ಟರ್ ಎಷ್ಟು ಹೇಳುತ್ತಾರೋ ಅದರ ಮೂರನೇ ಒಂದನ್ನು ಇಡೀ ದೇಹಕ್ಕೆ ಅಂತ ಹಿಡಿಯುವುದು. 36ರಲ್ಲಿ ಮೂರನೇ ಒಂದು 12. ನಿಮ್ಮ ಸರ್ಟಿಫಿಕೇಟ್ ಹುಟ್ಟಿದ್ದು ಹೀಗೆ. ಅದು ದೇಹದ ಲೆಕ್ಕ. ದುಡಿಮೆಯ ಲೆಕ್ಕ ಬೇರೆ.

ಇದನ್ನು ಸುಪ್ರೀಂ ಕೋರ್ಟು 2010ರಲ್ಲೇ ರಾಜ್ ಕುಮಾರ್ ವಿರುದ್ಧ ಅಜಯ್ ಕುಮಾರ್ ಅನ್ನುವ ತೀರ್ಪಿನಲ್ಲಿ ಬಿಡಿಸಿ ಹೇಳಿದೆ. ಅಲ್ಲಿನ ಉದಾಹರಣೆ ನೋಡಿ. ಒಬ್ಬನ ಎಡಗೈ ಕತ್ತರಿಸಿ ಹೋಯಿತು ಅಂದುಕೊಳ್ಳಿ. ಅವನು ಡ್ರೈವರ್ ಅಥವಾ ಬಡಗಿ ಆಗಿದ್ದರೆ ದುಡಿಯುವ ಶಕ್ತಿ ಹೆಚ್ಚುಕಡಿಮೆ ಪೂರ್ತಿ ಹೋದ ಹಾಗೆ. ಸರ್ಕಾರಿ ಕಚೇರಿಯ ಗುಮಾಸ್ತ ಆಗಿದ್ದರೆ ಅದೇ ಕುರ್ಚಿಯಲ್ಲಿ ಕೂತು ಅದೇ ಸಂಬಳ ತೆಗೆದುಕೊಳ್ಳಬಹುದು. ಕೈ ಒಂದೇ, ನಷ್ಟ ಬೇರೆ. ಡಾಕ್ಟರ್ ಊನ ಎಷ್ಟು ಅಂತ ಹೇಳಬಹುದು. ಗಳಿಕೆ ಎಷ್ಟು ಕಡಿಮೆಯಾಯಿತು ಅಂತ ತೀರ್ಮಾನಿಸುವುದು ಕ್ಲೇಮ್ ಕೇಸ್ ಕೇಳುವ ನ್ಯಾಯಮಂಡಳಿ.

ದುಡ್ಡಿನಲ್ಲಿ ಇದು ಎಷ್ಟು ವ್ಯತ್ಯಾಸ ಮಾಡುತ್ತದೆ ಅಂತ ನೋಡೋಣ. ಅಣ್ಣನ ಆದಾಯ ತಿಂಗಳಿಗೆ 15,000 ಅಂತಲೇ ಇಟ್ಟುಕೊಳ್ಳಿ. ವರ್ಷಕ್ಕೆ 1,80,000. ಅವರ ವಯಸ್ಸು 36ರಿಂದ 40ರ ಗುಂಪಿಗೆ ಬರುತ್ತದೆ. 2009ರ ಸರಳಾ ವರ್ಮಾ ತೀರ್ಪಿನ ಪಟ್ಟಿಯಲ್ಲಿ ಆ ಗುಂಪಿಗೆ ಗುಣಕ 15, ಅಂದರೆ ವರ್ಷದ ಆದಾಯವನ್ನು 15ರಿಂದ ಗುಣಿಸಬೇಕು. 27 ಲಕ್ಷ ಆಯಿತು. ಅದರ 12 ಪರ್ಸೆಂಟ್ ಅಂದರೆ 3,24,000. ಅದೇ 50 ಪರ್ಸೆಂಟ್ ಅಂತಾದರೆ 13,50,000. ಈಗ ಹೇಳಿ, ಇಡೀ ಕೇಸಿನಲ್ಲಿ ಜಗಳ ಆಡಬೇಕಾದ್ದು ಎಲ್ಲಿ?

ಲೈಸೆನ್ಸ್ ತಕರಾರಿಗೆ ತಲೆ ಕೆಡಿಸಿಕೊಳ್ಳಬೇಡಿ. ಗಾಡಿಯ ಒಟ್ಟು ತೂಕ 7,500 ಕಿಲೋ ಮೀರದಿದ್ದರೆ ಕಾರಿನ ಲೈಸೆನ್ಸ್ ಸಾಕು ಅಂತ 2024ರ ನವೆಂಬರ್ 6ರಂದು ಸುಪ್ರೀಂ ಕೋರ್ಟಿನ ಐವರು ನ್ಯಾಯಮೂರ್ತಿಗಳ ಪೀಠ ಹೇಳಿದೆ. ಆರ್‌ಸಿಯಲ್ಲಿ ತೂಕ ಬರೆದಿರುತ್ತದೆ, ನೋಡಿ.

ಇನ್ನು ಹೆಲ್ಮೆಟ್. ಮುರಿದಿದ್ದು ಕಾಲು ಅಲ್ವಾ? ಹೆಲ್ಮೆಟ್ಟನ್ನು ಕಾಲಿಗೆ ಹಾಕುತ್ತಾರಾ? ನಿಯಮ ಮುರಿದಿದ್ದಕ್ಕೆ ದಂಡ ಬೇರೆ. ಅದರಿಂದಲೇ ಅಪಘಾತ ಆಯಿತು ಅಥವಾ ಪೆಟ್ಟು ಜಾಸ್ತಿಯಾಯಿತು ಅಂತ ತೋರಿಸದೆ ಪರಿಹಾರ ಕತ್ತರಿಸುವ ಹಾಗಿಲ್ಲ. 2020ರಲ್ಲಿ ಒಂದೇ ಬೈಕಿನಲ್ಲಿ ಮೂವರು ಹೋಗುತ್ತಿದ್ದ ಪ್ರಕರಣದಲ್ಲೇ ಸುಪ್ರೀಂ ಕೋರ್ಟ್ ಹೀಗೆ ಹೇಳಿದೆ.

ನಿವೃತ್ತ ಎಚ್.ಸಿ. · ಫೆಬ್ರವರಿ 10

ವಕೀಲರು ಸರಿಯಾಗಿ ಹೇಳಿದ್ದಾರೆ. ಆದರೆ ನನ್ನ ಪ್ರಕಾರ ನಿಮ್ಮ ಕೇಸಿಗೆ ಅಪಾಯ ಇರುವುದು ಆ ಕ್ಯಾಶುವಾಲ್ಟಿ ಚೀಟಿಯಲ್ಲೇ. ಠಾಣೆಯಲ್ಲಿ ಮೂವತ್ತು ವರ್ಷ ಇದನ್ನೇ ನೋಡಿದೆ. ಗಾಯಾಳುವನ್ನು ಕರೆತಂದವರಿಗೆ ಗಾಬರಿ. ಡ್ಯೂಟಿ ಡಾಕ್ಟರಿಗೆ ಅರ್ಜೆಂಟು. ‘ಹೇಗಾಯ್ತು?’ ಅಂತ ಕೇಳುತ್ತಾರೆ, ‘ಗಾಡಿಯಿಂದ ಬಿದ್ರು ಸರ್’ ಅನ್ನುತ್ತಾರೆ. ಆ ಒಂದು ಸಾಲು ಹಿಡಿದುಕೊಂಡು ಕಂಪನಿಯವರು ವರ್ಷಗಟ್ಟಲೆ ವಾದ ಮಾಡುತ್ತಾರೆ.

ಅಮ್ಮ, ಇಷ್ಟು ಹುಡುಕಿಕೊಳ್ಳಿ. ಆಸ್ಪತ್ರೆಯಿಂದ ಠಾಣೆಗೆ ಎಂಎಲ್‌ಸಿ (ಪೊಲೀಸರಿಗೆ ತಿಳಿಸಬೇಕಾದ ಗಾಯದ ಕೇಸು) ಮಾಹಿತಿ ಹೋಗಿರಬೇಕು, ಅದರ ನಕಲು. ಸ್ಥಳ ಮಹಜರು ಮತ್ತು ನಕ್ಷೆ. ಆರ್‌ಟಿಒ ಕಡೆಯ ಇನ್ಸ್‌ಪೆಕ್ಟರ್ ಗಾಡಿಗಳನ್ನು ನೋಡಿ ಕೊಟ್ಟ ಐಎಂವಿ ವರದಿ. ಎಕ್ಸೆಲ್‌ನ ಹಿಂದಿನ ಮಡ್‌ಗಾರ್ಡ್ ಜಜ್ಜಿದೆ, ಗೂಡ್ಸ್ ಗಾಡಿಯ ಮುಂದಿನ ಬಂಪರ್ ಬಗ್ಗಿದೆ ಅಂತ ಅದರಲ್ಲಿ ಇದ್ದರೆ ಚೀಟಿಯ ಮಾತು ನಿಲ್ಲುವುದಿಲ್ಲ. ತಾನಾಗಿ ಬಿದ್ದವನ ಗಾಡಿ ಹಿಂದೆ ಜಜ್ಜುವುದಿಲ್ಲ. ದೊಡ್ಡಾಸ್ಪತ್ರೆಗೆ ಸೇರಿಸಿದಾಗ ಅಲ್ಲಿ ಏನು ಬರೆದರು ಅಂತಲೂ ನೋಡಿ. ಅಷ್ಟೊತ್ತಿಗೆ ಅಣ್ಣನೇ ಮಾತಾಡಿರುತ್ತಾನೆ.

ಎಫ್‌ಐಆರ್ ನಾಲ್ಕು ದಿನ ತಡ ಆಗಿದ್ದು ದೊಡ್ಡ ವಿಷಯವಲ್ಲ. ಕಾಲು ಮುರಿದುಕೊಂಡವನು ಮೊದಲು ಆಪರೇಷನ್ ಥಿಯೇಟರಿಗೆ ಹೋಗುತ್ತಾನೆ, ಠಾಣೆಗಲ್ಲ. ತಡ ಆಯಿತು ಅನ್ನುವುದೊಂದೇ ಕಾರಣಕ್ಕೆ ಕ್ಲೇಮ್ ತಳ್ಳಬಾರದು ಅಂತ 2011ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ತಡಕ್ಕೆ ಕಾರಣ ಏನು ಅಂತ ಎಫ್‌ಐಆರ್‌ನಲ್ಲೇ ಒಂದು ಮಾತು ಬರೆಸಿದ್ದೀರಾ?

ತಿಪಟೂರ್ ತಂಗಿ · ಫೆಬ್ರವರಿ 10

ಬರೆಸಿದ್ದೇವೆ ಸರ್. ‘ಚಿಕಿತ್ಸೆ ಕೊಡಿಸಿ ಬರಲು ತಡವಾಯಿತು’ ಅಂತ ಇದೆ. ಐಎಂವಿ ವರದಿ ಇಷ್ಟು ದಿನ ಯಾರೂ ನನಗೆ ತೋರಿಸಿರಲಿಲ್ಲ. ಇವತ್ತು ವಕೀಲರ ಗುಮಾಸ್ತರ ಹತ್ತಿರ ಕೇಳಿ ಫೋಟೋ ತೆಗೆದುಕೊಂಡೆ. ಹಿಂದಿನ ಮಡ್‌ಗಾರ್ಡು, ನಂಬರ್ ಪ್ಲೇಟು ಎರಡೂ ಬರೆದಿದ್ದಾರೆ!

ಸುಮ್ನೆ ಕೇಳ್ದೆ · ಫೆಬ್ರವರಿ 10

ಯಾರೂ ತಪ್ಪು ತಿಳಿಯಬೇಡಿ. ಕಂಪನಿಯ ಪರವಾಗಿ ಒಂದು ಪ್ರಶ್ನೆ. ತೆಂಗಿನಕಾಯಿಯನ್ನು ದೋಟಿಯಲ್ಲೂ ಕೀಳುತ್ತಾರಲ್ವಾ? ಕಾಯಿ ಸುಲಿಯುವ ಕೆಲಸ ಇದೆ, ಕೊಬ್ಬರಿ ಒಡೆಯುವ ಕೆಲಸ ಇದೆ. ಅಣ್ಣ ನಡೆಯುತ್ತಾರೆ ಅಂತ ನೀವೇ ಬರೆದಿದ್ದೀರಿ. ಹಾಗಿದ್ದ ಮೇಲೆ 50 ಪರ್ಸೆಂಟ್ ಹೇಗೆ? ಆ ಹಣ ಕೊನೆಗೆ ಬರುವುದು ನಮ್ಮೆಲ್ಲರ ಪ್ರೀಮಿಯಂನಿಂದಲೇ ತಾನೆ.

ತಿಪಟೂರ್ ತಂಗಿ · ಫೆಬ್ರವರಿ 11

ಕೇಳಿದ್ದು ಒಳ್ಳೆಯದಾಯಿತು. ಕೋರ್ಟಿನಲ್ಲೂ ಇದನ್ನೇ ಕೇಳುತ್ತಾರೆ ಅನ್ನಿಸುತ್ತದೆ.

ದೋಟಿ ಎಟುಕುವುದು ಒಂದು ಎತ್ತರದವರೆಗೆ. ನಮ್ಮ ಕಡೆಯ ಹಳೇ ತೋಟದ ಮರಗಳಿಗೆ ದೋಟಿಗೆ ದೋಟಿ ಕಟ್ಟಿದರೂ ಸಾಲದು. ಹಾಗೆ ಉದ್ದದ ದೋಟಿ ಹಿಡಿದು, ಕತ್ತು ಮೇಲೆತ್ತಿ ಎಳೆದು, ಕಾಯಿ ಬೀಳುವಾಗ ಪಕ್ಕಕ್ಕೆ ಹಾರುವುದಕ್ಕೂ ಎರಡು ಗಟ್ಟಿ ಕಾಲು ಬೇಕು. ಮರ ಹತ್ತುವವನು ಬರೀ ಕಾಯಿ ಕೀಳುವುದಿಲ್ಲ. ಸುಳಿ ನೋಡುತ್ತಾನೆ, ಒಣಗರಿ ಕೀಳುತ್ತಾನೆ, ಹುಳ ಬಿದ್ದಿದ್ದರೆ ತೋಟದವರಿಗೆ ಹೇಳುತ್ತಾನೆ. ಅದಕ್ಕೇ ಅವನಿಗೆ ಮರಕ್ಕೆ ಇಷ್ಟು ಅಂತ ಕೂಲಿ ಜಾಸ್ತಿ. ಕಾಯಿ ಸುಲಿಯುವವರೂ ನಿಂತೇ ಸುಲಿಯಬೇಕು, ಮೈಯ ಭಾರವೆಲ್ಲ ಕಾಲಿನ ಮೇಲೆ. ಅಣ್ಣ ಪ್ರಯತ್ನ ಮಾಡಿದ್ದಾನೆ. ಅರ್ಧ ಗಂಟೆಗೆ ಗಿಣ್ಣು ಊದಿಕೊಂಡಿತು.

ಪೂರ್ತಿ ಕೂತು ತಿನ್ನುತ್ತಾನೆ ಅಂತ ನಾನೂ ಹೇಳುವುದಿಲ್ಲ. ಮೊದಲಿನ ದುಡಿಮೆ ಇಲ್ಲ, ಅಷ್ಟೇ.

ಕರಿಕೋಟು · ಫೆಬ್ರವರಿ 11

ಮೇಡಂ, ಈಗ ನೀವು ಬರೆದಿದ್ದನ್ನು ಅಣ್ಣ ಸಾಕ್ಷಿ ಕಟ್ಟೆಯಲ್ಲಿ ಇದೇ ಮಾತಿನಲ್ಲಿ ಹೇಳಲಿ. ‘ಸರಿಯಾಗಿ ಕೆಲಸ ಮಾಡಲು ಆಗುತ್ತಿಲ್ಲ’ ಅಂತ ಒಂದೇ ಸಾಲು ಹೇಳಿದರೆ ಪ್ರಯೋಜನವಿಲ್ಲ, ಎಲ್ಲ ಕೇಸಿನಲ್ಲೂ ಅದೇ ಸಾಲು ಇರುತ್ತದೆ. ನ್ಯಾಯಾಧೀಶರು ಮರ ಹತ್ತಿದವರಲ್ಲ. ಮರಕ್ಕೆ ಹಗ್ಗದ ಬಳೆ ಹಾಕಿ, ಪಾದ ಹೇಗೆ ಒತ್ತಿ ಹತ್ತುತ್ತಾರೆ ಅಂತ ಅವರಿಗೆ ಕಾಣುವ ಹಾಗೆ ಹೇಳಬೇಕು. ಡಾಕ್ಟರನ್ನು ಸಾಕ್ಷಿಗೆ ಕರೆಸಿದಾಗಲೂ ನೇರವಾಗಿ ಕೇಳಿಸಿ: ಈ ಗಿಣ್ಣು ಎಷ್ಟು ಡಿಗ್ರಿ ಮಡಚುತ್ತದೆ, ಈ ಪಾದದಲ್ಲಿ ಮರ ಹತ್ತಬಹುದಾ?

ಆದಾಯಕ್ಕೆ ದಾಖಲೆ ಇರುವುದಿಲ್ಲ, ಗೊತ್ತು. ದಾಖಲೆ ಇಲ್ಲದಾಗ ನಮ್ಮ ರಾಜ್ಯದಲ್ಲಿ ಕಾನೂನು ಸೇವಾ ಪ್ರಾಧಿಕಾರದ ಒಂದು ಚಾರ್ಟ್ ಬಳಕೆಯಲ್ಲಿದೆ. ಯಾವ ವರ್ಷದ ಅಪಘಾತಕ್ಕೆ ತಿಂಗಳಿಗೆ ಎಷ್ಟು ಅಂತ ಅದರಲ್ಲಿದೆ. ಲೋಕ್ ಅದಾಲತ್‌ಗೆ ಅಂತ ಮಾಡಿದ್ದು, ಕೋರ್ಟುಗಳೂ ಅದನ್ನೇ ನೋಡುತ್ತವೆ. ಅದಕ್ಕಿಂತ ಜಾಸ್ತಿ ಬೇಕೆಂದರೆ ತೋಟದ ಮಾಲೀಕರು ಯಾರಾದರೂ ಬಂದು ಹೇಳಬೇಕು. ಅವರ ಕೂಲಿ ಪುಸ್ತಕದಲ್ಲಿ ಅಣ್ಣನ ಹೆಸರಿದ್ದರೆ ಇನ್ನೂ ಒಳ್ಳೆಯದು. ಫೋನ್‌ಪೇ ಹಣ ಬಂದಿದ್ದರೆ ಬ್ಯಾಂಕ್ ಸ್ಟೇಟ್‌ಮೆಂಟ್ ತೆಗೆಸಿ.

ಮುಂದೆ ಆದಾಯ ಹೆಚ್ಚುತ್ತಿತ್ತು ಅನ್ನುವ ಬಾಬ್ತು ಒಂದಿದೆ. ಸ್ವಂತ ದುಡಿಮೆಯವರಿಗೆ 40 ವರ್ಷದೊಳಗೆ ಆದಾಯದ ಮೇಲೆ 40 ಪರ್ಸೆಂಟ್ ಸೇರಿಸಿ ಅಂತ 2017ರ ಪ್ರಣಯ್ ಸೇಥಿ ತೀರ್ಪು. ಅದು ಸಾವಿನ ಕೇಸು. ಶಾಶ್ವತ ಊನವಾದ ಗಾಯಾಳುಗಳಿಗೂ ಕೊಡಬಹುದು ಅಂತ 2020ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಎಲ್ಲ ನ್ಯಾಯಮಂಡಳಿಗಳೂ ತಾವಾಗಿ ಕೊಡುವುದಿಲ್ಲ. ಕೇಳಬೇಕು.

ಬೆಣ್ಣೆದೋಸೆ · ಫೆಬ್ರವರಿ 12

ನಡುವೆ ಬಾಯಿ ಹಾಕುತ್ತಿದ್ದೇನೆ, ಕ್ಷಮಿಸಿ. ದಾವಣಗೆರೆ ಹತ್ತಿರ ನಮ್ಮ ಮಾವನಿಗೆ ರಾತ್ರಿ ಯಾವುದೋ ಗಾಡಿ ಗುದ್ದಿ ಹೋಯಿತು. ನಂಬರ್ ಸಿಕ್ಕಿಲ್ಲ. ಆಸ್ಪತ್ರೆ ಹತ್ತಿರ ಒಬ್ಬ ಬಂದು, ‘ಇನ್ಶೂರೆನ್ಸ್ ಇರುವ ಗಾಡಿ ನಾನು ಹೊಂದಿಸಿಕೊಡುತ್ತೇನೆ, ಬಂದಿದ್ದರಲ್ಲಿ ನನಗೆ ಮೂವತ್ತು ಪರ್ಸೆಂಟ್’ ಅಂದ. ಎಲ್ಲರೂ ಮಾಡುತ್ತಾರೆ ಅಂತಾನೆ. ಮನೆಯಲ್ಲಿ ಅರ್ಧ ಜನ ಹೂಂ ಅನ್ನುತ್ತಿದ್ದಾರೆ.

ನಿವೃತ್ತ ಎಚ್.ಸಿ. · ಫೆಬ್ರವರಿ 12

ಬೇಡ. ಖಂಡಿತ ಬೇಡ. ಸುಳ್ಳು ಗಾಡಿ ತೋರಿಸಿದರೆ ಮಾವ, ನೀವು, ಗಾಡಿಯವನು ಎಲ್ಲರೂ ಆರೋಪಿಗಳಾಗುತ್ತೀರಿ. ಕಂಪನಿಯವರು ಟೋಲ್ ದಾಖಲೆ, ಮೊಬೈಲ್ ಟವರ್ ಎಲ್ಲ ತೆಗೆಸುತ್ತಾರೆ. ಅವತ್ತು ಆ ಗಾಡಿ ಬಳ್ಳಾರಿಯಲ್ಲಿತ್ತು ಅಂತ ಗೊತ್ತಾದರೆ ಮುಗಿಯಿತು. ಇಂಥವರಿಂದಲೇ ತಿಪಟೂರಿನ ಹುಡುಗಿಯಂಥ ನಿಜವಾದವರನ್ನೂ ಅನುಮಾನದಿಂದ ನೋಡುವ ಹಾಗಾಗಿದೆ.

ಗುದ್ದಿ ಓಡಿದ ಗಾಡಿ ಸಿಗದಿದ್ದರೆ ಸರ್ಕಾರದ ಯೋಜನೆ ಇದೆ. 2022ರ ಏಪ್ರಿಲ್ 1ರಿಂದ ಸಾವಾದರೆ 2 ಲಕ್ಷ, ಗಂಭೀರ ಗಾಯವಾದರೆ 50,000. ತಹಶೀಲ್ದಾರ್ ಅಥವಾ ಎಸಿ (ಉಪವಿಭಾಗಾಧಿಕಾರಿ) ಕಚೇರಿಯಲ್ಲಿ ಅರ್ಜಿ. ಎಫ್‌ಐಆರ್, ಆಸ್ಪತ್ರೆ ಕಾಗದ, ಬ್ಯಾಂಕ್ ಪಾಸ್‌ಬುಕ್ ಇಟ್ಟುಕೊಂಡು ಹೋಗಿ. ಕಡಿಮೆ ಹಣ, ನಿಜ. ಆದರೆ ಜೈಲಿಗೆ ಹೋಗುವ ಹಣವಲ್ಲ.

ರಿಂಗ್ ರೋಡ್ ರಾಜ · ಫೆಬ್ರವರಿ 12

ಪರ್ಸೆಂಟೇಜ್ ಮಾತು ಬಂದಿದ್ದಕ್ಕೆ ಕೇಳುತ್ತೇನೆ. ನನ್ನ ಕೇಸಿನಲ್ಲಿ ವಕೀಲರೇ ಇಪ್ಪತ್ತೈದು ಪರ್ಸೆಂಟ್ ತಗೊಂಡರು. ಅದು ಸರೀನಾ ಕರಿಕೋಟು ಸಾರ್?

ಕರಿಕೋಟು · ಫೆಬ್ರವರಿ 12

ಸರಿಯಲ್ಲ. ಪರಿಹಾರದಲ್ಲಿ ಪಾಲು ಅಂತ ಫೀಸು ಮಾತಾಡುವುದು ಬಾರ್ ಕೌನ್ಸಿಲ್ ನಿಯಮಕ್ಕೆ ವಿರುದ್ಧ. ನಡೆಯುತ್ತದಾ ಅಂದರೆ, ನಡೆಯುತ್ತದೆ. ನಾಚಿಕೆಯಿಂದಲೇ ಹೇಳುತ್ತಿದ್ದೇನೆ. ಇನ್ನೊಂದು ಮಗ್ಗುಲೂ ಇದೆ. ಕೈಯಲ್ಲಿ ಕಾಸಿಲ್ಲದ ಗಾಯಾಳುವಿಗೆ ಡಾಕ್ಟರ್ ಸಾಕ್ಷಿಯ ಖರ್ಚು, ಜೆರಾಕ್ಸ್ ಖರ್ಚು ಎಲ್ಲ ವಕೀಲನೇ ಹಾಕಿ ನಡೆಸುವುದೂ ಉಂಟು. ಏನೇ ಇರಲಿ, ಫೀಸನ್ನು ಮೊದಲೇ ಮಾತಾಡಿ ಬರೆದಿಟ್ಟುಕೊಳ್ಳಿ. ಬರೆಯದ ಚೆಕ್ಕಿಗೆ ಸಹಿ ಹಾಕಿ ಕೊಡಬೇಡಿ. ಪರಿಹಾರದ ಹಣ ನಿಮ್ಮ ಖಾತೆಗೇ ಬರಬೇಕು.

ಫೀಸಿಗೂ ಕಷ್ಟ ಅನ್ನುವವರು ತಾಲ್ಲೂಕು ಕಾನೂನು ಸೇವಾ ಸಮಿತಿಗೆ ಹೋಗಿ. ಕೋರ್ಟ್ ಆವರಣದಲ್ಲೇ ಇರುತ್ತದೆ. ಹೆಂಗಸರು, ಮಕ್ಕಳು, ಪರಿಶಿಷ್ಟ ಜಾತಿ ಪಂಗಡದವರು, ಅಂಗವಿಕಲರು ಎಷ್ಟೇ ಆದಾಯ ಇದ್ದರೂ ಉಚಿತ ವಕೀಲರನ್ನು ಕೇಳಬಹುದು.

ಕಲಬುರಗಿ ಬಿಸಿಲು · ಫೆಬ್ರವರಿ 14

ನಮ್ಮ ಅಪ್ಪಾರಿಗೆ ಸೊಲ್ಲಾಪುರದಾಗ ಆಕ್ಸಿಡೆಂಟ್ ಆಗ್ಯದ ರೀ. ಕೇಸ್ ಅಲ್ಲೇ ಹಾಕಬೇಕಾ? ಪ್ರತಿ ಡೇಟಿಗೆ ಅವರನ್ನ ಕರಕೊಂಡು ಹೋಗೋದು ಭಾಳ ತ್ರಾಸು.

ಕರಿಕೋಟು · ಫೆಬ್ರವರಿ 14

ಬೇಕಾಗಿಲ್ಲ. ಅಪಘಾತ ಆದ ಊರು, ನೀವು ವಾಸ ಮಾಡುವ ಊರು, ಎದುರಾಳಿ ಇರುವ ಊರು, ಎಲ್ಲಿ ಬೇಕಾದರೂ ಹಾಕಬಹುದು. ಕಲಬುರಗಿಯಲ್ಲೇ ಹಾಕಿ. ಪೊಲೀಸ್ ಕಾಗದಗಳನ್ನು ಮಾತ್ರ ಸೊಲ್ಲಾಪುರದಿಂದ ದೃಢೀಕರಿಸಿ ತರಿಸಿಕೊಳ್ಳಿ. ಮರಾಠಿಯಲ್ಲಿರುತ್ತವೆ, ಅನುವಾದ ಬೇಕಾಗುತ್ತದೆ. ಆರು ತಿಂಗಳ ಗಡುವು ಇದೆ, ಮರೆಯಬೇಡಿ.

ತುಂಗಭದ್ರೆ ದಂಡೆ · ಫೆಬ್ರವರಿ 15

ರಾಯಚೂರು ಕಡೆಯಿಂದ ಒಂದು ಮಾತು. ಇಲ್ಲಿ ಭತ್ತದ ನಾಟಿ ಕಾಲದಲ್ಲಿ ಕೂಲಿಯವರನ್ನು ಟ್ರ್ಯಾಕ್ಟರ್ ಟ್ರೇಲರ್‌ನಲ್ಲಿ, ಗೂಡ್ಸ್ ಟೆಂಪೋದಲ್ಲಿ ತುಂಬಿಕೊಂಡು ಹೋಗುತ್ತಾರೆ. ಮಗುಚಿ ಬಿದ್ದರೆ ‘ಸಾಮಾನು ಸಾಗಿಸುವ ಗಾಡಿಯಲ್ಲಿ ಜನ ಕೂತಿದ್ದರು, ನಮಗೆ ಸಂಬಂಧ ಇಲ್ಲ’ ಅಂತ ಕಂಪನಿ ಕೈ ತೊಳೆದುಕೊಳ್ಳುತ್ತದೆ. ಮಾಲೀಕನ ಹತ್ತಿರ ಕೇಳಿದರೆ ಟ್ರ್ಯಾಕ್ಟರೇ ಸಾಲದ್ದು. ನಮ್ಮ ಓಣಿಯ ಮೂರು ಮನೆಯವರಿಗೆ ಆರ್ಡರ್ ಆಗಿದೆ, ಹಣ ಬಂದಿಲ್ಲ. ತೆಂಗಿನಮರದ ಅಣ್ಣ ಎಷ್ಟೋ ವಾಸಿ. ಎದುರಿಗೆ ಕಂಪನಿಯಾದರೂ ಇದೆ.

ಅಡುಗೆಮನೆ ಅಕ್ಕ · ಫೆಬ್ರವರಿ 15

ಅಮ್ಮನ ಸೊಂಟ ಮುರಿದಾಗ ‘ಗೃಹಿಣಿ, ಆದಾಯ ಏನೂ ಇಲ್ಲ’ ಅಂತ ಎದುರು ವಕೀಲರು ಹೇಳಿದ್ದು ಇನ್ನೂ ಕಿವಿಯಲ್ಲಿದೆ. ಎರಡು ಹಸು, ಆರು ಜನರ ಅಡುಗೆ, ಅಜ್ಜಿಯ ಸೇವೆ, ಎಲ್ಲ ಏನೂ ಇಲ್ಲದ್ದು! ಯಾರಿಗಾದರೂ ಬೇಕಾಗಬಹುದು ಅಂತ ಬರೆಯುತ್ತಿದ್ದೇನೆ. ಮನೆಗೆಲಸಕ್ಕೂ ಆದಾಯದ ಬೆಲೆ ಕಟ್ಟಬೇಕು ಅಂತ 2021ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ನಮ್ಮ ವಕೀಲರು ಅದನ್ನು ತೋರಿಸಿದ ಮೇಲೆ ಚಾರ್ಟಿನ ಆದಾಯ ಹಿಡಿದರು.

ಗುಂಡಿ ಲೆಕ್ಕ · ಫೆಬ್ರವರಿ 17

ಎದುರಿಗೆ ಗಾಡಿಯೇ ಇಲ್ಲದಿದ್ದರೆ? ಮಳೆನೀರು ತುಂಬಿದ ಗುಂಡಿಗೆ ಸ್ಕೂಟರ್ ಇಳಿಯಿತು, ಮಣಿಕಟ್ಟು ಮುರಿಯಿತು. ಯಾರ ಮೇಲೆ ಹಾಕಲಿ, ಗುಂಡಿ ಮೇಲಾ?

ಕರಿಕೋಟು · ಫೆಬ್ರವರಿ 17

ನಗುವ ಹಾಗೂ ಇಲ್ಲ. ಬರೀ ಗುಂಡಿಯಿಂದ ಬಿದ್ದರೆ ಮೋಟಾರು ಕ್ಲೇಮ್ ಸಾಮಾನ್ಯವಾಗಿ ನಿಲ್ಲುವುದಿಲ್ಲ. ದಾರಿ ಬೇರೆ ಇದೆ. ಬೆಂಗಳೂರಿನ ರಸ್ತೆಗಳ ಬಗ್ಗೆ ನಡೆದ ಸಾರ್ವಜನಿಕ ಹಿತಾಸಕ್ತಿ ಪ್ರಕರಣದಲ್ಲಿ 2019ರ ಜುಲೈನಲ್ಲಿ ನಮ್ಮ ಹೈಕೋರ್ಟು, ಸುಸ್ಥಿತಿಯ ರಸ್ತೆ ನಾಗರಿಕರ ಹಕ್ಕು, ಗುಂಡಿಯಿಂದ ಪೆಟ್ಟಾದವರು ಪಾಲಿಕೆಯಿಂದ ಪರಿಹಾರ ಕೇಳಬಹುದು ಅಂತ ಹೇಳಿದೆ. ಗುಂಡಿಯ ಫೋಟೋ ತೆಗೆದಿದ್ದೀರಾ? ಮುಚ್ಚಿಬಿಡುವ ಮೊದಲು ತೆಗೆಯಿರಿ. ಪಕ್ಕದ ಅಂಗಡಿಯ ಬೋರ್ಡು ಕಾಣಬೇಕು, ದಿನಾಂಕ ಇರಬೇಕು. ಲಿಖಿತ ದೂರು ಕೊಟ್ಟು ಸ್ವೀಕೃತಿ ಪಡೆಯಿರಿ.

ತಿಪಟೂರ್ ತಂಗಿ · 2025 ಮಾರ್ಚ್ 10

ಅದಾಲತ್‌ಗೆ ಹೋಗಿ ಬಂದೆವು. ಕಂಪನಿಯವರು ನಾಲ್ಕೂವರೆ ಲಕ್ಷದವರೆಗೆ ಬಂದರು. ಅಣ್ಣ ಒಂದು ಕ್ಷಣ ಕರಗಿದ. ಸಾಲದವರು ಮನೆ ಬಾಗಿಲಿಗೆ ಬರುತ್ತಿದ್ದಾರೆ ನೋಡಿ. ಅತ್ತಿಗೆ ಅವನ ಕೈ ಹಿಡಿದು ‘ಬೇಡ’ ಅಂದರು. ನಮ್ಮ ವಕೀಲರಿಗೆ ಸ್ವಲ್ಪ ಸಿಟ್ಟು ಬಂತು. ರಾಜ್ ಕುಮಾರ್ ತೀರ್ಪಿನ ಪ್ರಿಂಟು ಕೊಟ್ಟೆ. ಓದಿ ನೋಡುತ್ತೇನೆ ಅಂದರು. ಕೇಸು ಮುಂದುವರಿದಿದೆ.

ತಿಪಟೂರ್ ತಂಗಿ · 2026 ಜನವರಿ 18

ಬಹಳ ದಿನ ಆಯಿತು. ಕಳೆದ ವಾರ ಆರ್ಡರ್ ಆಯಿತು. ಮೊದಲು ಅಂಕಿ ಹೇಳಿಬಿಡುತ್ತೇನೆ.

ಆದಾಯ ತಿಂಗಳಿಗೆ 16,000 ಅಂತ ಹಿಡಿದರು. ಗುಣಕ 15. ಗಳಿಕೆಯ ನಷ್ಟ 40 ಪರ್ಸೆಂಟ್. ಅದೊಂದೇ 11,52,000. ಆಸ್ಪತ್ರೆ ಬಿಲ್ 1,86,000, ಆರು ತಿಂಗಳು ಮಲಗಿದ್ದಕ್ಕೆ 96,000, ನೋವಿಗೆ 60,000, ಇನ್ನು ಬದುಕಿನ ಸುಖ ಕಡಿಮೆಯಾಗಿದ್ದಕ್ಕೆ 40,000, ಓಡಾಟ ಮತ್ತು ಊಟಕ್ಕೆ 26,000. ಒಟ್ಟು 15,60,000. ಅರ್ಜಿ ಹಾಕಿದ ದಿನದಿಂದ 6 ಪರ್ಸೆಂಟ್ ಬಡ್ಡಿ. ಮುಂದಿನ ಆದಾಯದ 40 ಪರ್ಸೆಂಟ್ ಕೇಳಿದ್ದೆವು, ಕೊಡಲಿಲ್ಲ.

ವಿಚಾರಣೆಯ ದಿನ ‘ಸುಮ್ನೆ ಕೇಳ್ದೆ’ ಅವರು ಹೇಳಿದ ಹಾಗೇ ಆಯಿತು. ಎದುರು ವಕೀಲರ ಮೊದಲ ಪ್ರಶ್ನೆಯೇ ದೋಟಿ! ಅಣ್ಣ ಸಿದ್ಧವಾಗಿದ್ದ. ಆದರೆ ಕೆಲಸ ಮಾಡಿದ್ದು ಅವನ ಮಾತಿಗಿಂತ ತೋಟದ ಯಜಮಾನರ ಮಾತು. ‘ಹದಿನಾಲ್ಕು ವರ್ಷದಿಂದ ಇವನೇ ನಮ್ಮ ತೋಟ ಹತ್ತುತ್ತಿದ್ದ. ಈಗ ಅರಸೀಕೆರೆ ಕಡೆಯಿಂದ ಬೇರೆಯವರನ್ನು ಕರೆಸುತ್ತೇನೆ’ ಅಂದರು. ಕೂಲಿ ಪುಸ್ತಕ ತಂದಿದ್ದರು. ಡಾಕ್ಟರ್ ಮೊದಲು 12 ಅಂತಲೇ ಹಿಡಿದಿದ್ದರು. ‘ಈ ಪಾದದಲ್ಲಿ ಮರ ಹತ್ತಲು ನೀವು ಅನುಮತಿ ಕೊಡುತ್ತೀರಾ?’ ಅಂತ ನಮ್ಮ ವಕೀಲರು ಕೇಳಿದಾಗ ‘ಖಂಡಿತ ಇಲ್ಲ’ ಅಂದರು. ಆರ್ಡರಿನಲ್ಲಿ ಆ ಮಾತನ್ನು ಹಾಗೇ ಬರೆದಿದ್ದಾರೆ. ಕ್ಯಾಶುವಾಲ್ಟಿ ಚೀಟಿ ಐಎಂವಿ ವರದಿಯ ಮುಂದೆ ನಿಲ್ಲಲಿಲ್ಲ.

ನಿವೃತ್ತ ಎಚ್.ಸಿ. · ಜನವರಿ 18

ಮಡ್‌ಗಾರ್ಡ್ ಕೈಬಿಡಲಿಲ್ಲ! ಸಂತೋಷ ಆಯಿತಮ್ಮ.

ಇಲ್ಲಿ ಓದುವವರಿಗೆ ಹೊಸದೊಂದು ವಿಷಯ. 2025ರ ಮೇ ತಿಂಗಳಿಂದ ರಸ್ತೆ ಅಪಘಾತದ ಗಾಯಾಳುವಿಗೆ ನಿಗದಿಯಾದ ಆಸ್ಪತ್ರೆಗಳಲ್ಲಿ ಏಳು ದಿನದವರೆಗೆ, ಒಂದೂವರೆ ಲಕ್ಷದವರೆಗೆ ನಗದಿಲ್ಲದೆ ಚಿಕಿತ್ಸೆ ಕೊಡುವ ಕೇಂದ್ರದ ಯೋಜನೆ ಬಂದಿದೆ. ಆಸ್ಪತ್ರೆಯವರು ಹೇಳದಿದ್ದರೂ ನೀವೇ ಕೇಳಿ.

ಕಲಬುರಗಿ ಬಿಸಿಲು · ಜನವರಿ 18

ಅಕ್ಕಾ, ಅಭಿನಂದನೆ. ನಮ್ಮದು ಆರು ತಿಂಗಳು ದಾಟಿದ ಮೇಲೆ ಹಾಕಿದ್ದೇವೆ. ಅದೇ ಒಂದು ಹೆದರಿಕೆ ಇದೆ.

ಕರಿಕೋಟು · ಜನವರಿ 19

ಹೆದರಬೇಡಿ. ಆ ಆರು ತಿಂಗಳ ಗಡುವನ್ನೇ ಸುಪ್ರೀಂ ಕೋರ್ಟಿನಲ್ಲಿ ಪ್ರಶ್ನಿಸಿದ್ದಾರೆ. ಅದು ತೀರ್ಮಾನ ಆಗುವವರೆಗೆ, ತಡ ಅನ್ನುವ ಕಾರಣಕ್ಕೆ ಅರ್ಜಿ ವಜಾ ಮಾಡಬೇಡಿ ಅಂತ 2025ರ ನವೆಂಬರ್‌ನಲ್ಲಿ ಮಧ್ಯಂತರ ಆದೇಶ ಬಂದಿದೆ. ನಿಮ್ಮ ವಕೀಲರಿಗೆ ತೋರಿಸಿ.

ತಿಪಟೂರಿನ ಮೇಡಂ, 40 ಪರ್ಸೆಂಟ್ ಒಳ್ಳೆಯ ಆರ್ಡರ್. ಕಂಪನಿ 30 ದಿನದಲ್ಲಿ ಹಣ ಕಟ್ಟಬೇಕು. ಹೈಕೋರ್ಟಿಗೆ ಹೋಗಲು ಅವರಿಗೂ ನಿಮಗೂ 90 ದಿನ ಇದೆ. ಮುಂದಿನ ಆದಾಯ ಕೊಡಲಿಲ್ಲ ಅಂತ ನೀವೂ ಹೋಗಬಹುದು. ನನ್ನನ್ನು ಕೇಳಿದರೆ, ಅವರು ಹೋಗದಿದ್ದರೆ ನೀವು ಕೆಣಕಬೇಡಿ. 40ನ್ನೇ ಮತ್ತೆ ಅಳೆಯಲು ಶುರು ಮಾಡುತ್ತಾರೆ.

ರಿಂಗ್ ರೋಡ್ ರಾಜ · ಜನವರಿ 19

ಮೂರು ಲಕ್ಷ ತಗೊಳ್ಳಿ ಅಂದವನು ನಾನೇ. ನನ್ನ ಮಾತು ಕೇಳದಿದ್ದುದು ಒಳ್ಳೆಯದಾಯಿತು ತಂಗಿ.

ತಿಪಟೂರ್ ತಂಗಿ · 2026 ಫೆಬ್ರವರಿ 20

ಕಂಪನಿಯವರು ಹಣ ಕಟ್ಟಿದ್ದಾರೆ. ಈಗ ಹೊಸ ತಲೆನೋವು. ಕೋರ್ಟ್ ಅರ್ಧ ಹಣವನ್ನು ಐದು ವರ್ಷ ಬ್ಯಾಂಕಿನಲ್ಲಿ ಎಫ್‌ಡಿ ಇಡಿ ಅಂದಿದೆ. ಕೈಗೆ ಬಂದಿದ್ದರಲ್ಲಿ ಸಾಲ ತೀರಿತು. ಅಣ್ಣನಿಗೆ ಕಾಯಿ ಸುಲಿಯುವ ಯಂತ್ರ ಹಾಕಿಕೊಳ್ಳುವ ಆಸೆ. ಕೂತುಕೊಂಡೇ ನಡೆಸಬಹುದು. ಬ್ಯಾಂಕಿನವರು ಎಫ್‌ಡಿ ಮುರಿಯಲು ಬಿಡುತ್ತಿಲ್ಲ. ‘ಮುರಿದಿದ್ದು ನನ್ನ ಕಾಲು, ದುಡ್ಡು ಮಾತ್ರ ಯಾಕೆ ಅವರ ಹತ್ತಿರ?’ ಅಂತ ಎಗರಾಡುತ್ತಿದ್ದಾನೆ.

ಕರಿಕೋಟು · ಫೆಬ್ರವರಿ 20

ಆ ನಿಯಮ ಮಾಡಿದ್ದು ದಲ್ಲಾಳಿಗಳು ಹಣ ನುಂಗುತ್ತಿದ್ದರು ಅಂತ. ನಿಮ್ಮ ಅಣ್ಣನಂಥವರಿಗೆ ಅದು ಕಿರಿಕಿರಿ, ಒಪ್ಪುತ್ತೇನೆ. ಬ್ಯಾಂಕಿನವರ ಹತ್ತಿರ ಜಗಳ ಆಡಿ ಉಪಯೋಗವಿಲ್ಲ, ಅವರ ಕೈಯಲ್ಲಿಲ್ಲ. ಅದೇ ಕೋರ್ಟಿಗೆ ಅವಧಿಗೆ ಮೊದಲೇ ಬಿಡುಗಡೆ ಮಾಡಿ ಅಂತ ಅರ್ಜಿ ಹಾಕಿ. ಯಂತ್ರದ ಕೊಟೇಶನ್ ಇಡಿ. ಶೆಡ್ ಹಾಕುವ ಜಾಗದ ಪಹಣಿ ಇಡಿ. ಪೂರ್ತಿ ಕೇಳಬೇಡಿ, ಯಂತ್ರಕ್ಕೆ ಬೇಕಾದಷ್ಟೇ ಕೇಳಿ. ದುಡಿಮೆಗೆ ಅಂದರೆ ಸಾಮಾನ್ಯವಾಗಿ ಬಿಡುತ್ತಾರೆ.

ತಿಪಟೂರ್ ತಂಗಿ · ಫೆಬ್ರವರಿ 21

ಪಹಣಿ ಇವತ್ತೇ ತೆಗೆಸಿದೆ. ಕೊಟೇಶನ್ ನಾಳೆ ಸಿಗುತ್ತದೆ. ಸೋಮವಾರ ಅಣ್ಣನ ಜೊತೆ ಕೋರ್ಟಿಗೆ ಹೋಗುತ್ತೇನೆ.